ಪೆಟ್ಟಿಗೆಯೊಳಗಿನ ಇಬ್ಬನಿ

ನಮ್ಮೂರು ಕಕ್ಕೇರಾದ ಬಿಸಿಲಿಗೆ ಸೊಪ್ಪು ಹಾಕದೆ ನಿಂತಿರುವುದು ಬಳ್ಳಾರಿ ಜಾಲಿ ಒಂದೇ. ಏಪ್ರಿಲ್ ಬಂತೆಂದರೆ ಸರಕಾರವೇ ಸೋತು, ನಮ್ಮ ಕಡೆಯ ಕಚೇರಿಗಳಿಗೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ ಎಂದು ಹೊತ್ತು ಬದಲಿಸಿಕೊಡುತ್ತದೆ. 1841ರಲ್ಲಿ ನಮ್ಮ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ್ದು ಊರು ಕಾಯಲಿಕ್ಕೋ ಗಾಳಿಗೋ ಎಂಬ ಅನುಮಾನ ನನಗೆ ಪ್ರತಿ ಮೇ ತಿಂಗಳೂ ಬರುತ್ತದೆ. ಇಂಥ ಊರಿನಲ್ಲಿ ಒಂದು ಕಂಪ್ಯೂಟರಿಗೆ ಧಗೆಯಾಯಿತೆಂದರೆ ಅದರದೇನು ತಪ್ಪು?

ಕಂಪ್ಯೂಟರು ಅಕ್ಕನ ಮಗನದು. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ರಜೆಗೆ ಬಂದಾಗ ಪೆಟ್ಟಿಗೆಯನ್ನೂ ಹೊತ್ತು ತರುತ್ತಾನೆ. ಅದರಲ್ಲಿ ಓದುವುದಕ್ಕಿಂತ ಹೆಚ್ಚಾಗಿ ಯುದ್ಧ ನಡೆಯುತ್ತದೆ. ಯುದ್ಧ ಬಿಸಿಯೇರಿದಂತೆ ಪೆಟ್ಟಿಗೆಯೂ ಬಿಸಿಯೇರಿ, ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಅಷ್ಟರಲ್ಲಿ ಶತ್ರು ಗುಂಡು ಹಾರಿಸಿರುತ್ತಾನೆ.

"ಮಾಮಾ, ಚಿಪ್ಪು ತೊಂಬತ್ತು ಡಿಗ್ರಿ ಮುಟ್ಟ್ಯಾದ. ಫ್ರಿಜ್ಜಿನಾಗ ಇಟ್ಟು ಹಚ್ಚಿದ್ರ ಹೆಂಗ?" ಅಂದ.

ಅವ್ವ ಫ್ರಿಜ್ಜಿನ ಬಾಗಿಲಿಗೆ ಅಡ್ಡ ನಿಂತಳು. ಅಲ್ಲಿ ಮೊಸರಿತ್ತು, ಹಿಟ್ಟಿತ್ತು, ಮಾವಿನಹಣ್ಣಿತ್ತು. ಶಾಸ್ತ್ರವೂ ಅವ್ವನ ಕಡೆಯೇ ಇದೆ. ಮನೆಯ ಫ್ರಿಜ್ಜು ಇಟ್ಟ ಪದಾರ್ಥದ ಬಿಸಿಯನ್ನು ಒಮ್ಮೆ ಹೀರಿ ಸುಮ್ಮನಿರುವಂಥದ್ದು, ಒಳಗೇ ಕೂತು ಇನ್ನೂರು ಮುನ್ನೂರು ವ್ಯಾಟ್ ಬಿಸಿ ಉಗುಳುವ ಅತಿಥಿಯನ್ನು ಸಾಕಲಾರದು. ಅದು ಹೋಗಲಿ ಎಂದರೂ ಬಾಗಿಲು ತೆಗೆದಾಗೊಮ್ಮೆ ನುಗ್ಗುವ ಹಸಿ ಗಾಳಿ ತಣ್ಣಗಿನ ಲೋಹಕ್ಕೆ ತಾಗಿ ನೀರಾಗುತ್ತದೆ. ತಂಪು ಮಾಡುವುದು ಕಷ್ಟದ ಕೆಲಸವಲ್ಲ, ದುಡ್ಡಿದ್ದರೆ ಆಗುತ್ತದೆ. ತಂಪಿನ ಬೆನ್ನಿಗೇ ಕರೆಯದೆ ಬರುವ ಈ ನೀರನ್ನು ಹೊರಗಿಡುವುದೇ ಕಷ್ಟ.

ನೀರು ಬರುವುದು ಗಾಳಿಯಿಂದ. ಬಿಸಿ ಗಾಳಿ ಹೆಚ್ಚು ಆವಿ ಹೊರುತ್ತದೆ, ತಣ್ಣಗಾದರೆ ಹೊರಲಾರದೆ ಇಳಿಸುತ್ತದೆ. ಇಳಿಸಲು ಶುರುವಾಗುವ ಉಷ್ಣತೆಗೆ ಇಬ್ಬನಿ ಬಿಂದು ಎನ್ನುತ್ತಾರೆ. ನಮ್ಮ ಬೇಸಿಗೆಯ ನಡುಮಧ್ಯಾಹ್ನ, ಉಷ್ಣತೆ 40 ಡಿಗ್ರಿ, ತೇವಾಂಶ ಶೇಕಡಾ 20 ಇದ್ದಾಗ, ಇಬ್ಬನಿ ಬಿಂದು ಸುಮಾರು 13 ಡಿಗ್ರಿ. ಅದೇ ಆಷಾಢದಲ್ಲಿ 30 ಡಿಗ್ರಿ, ಶೇಕಡಾ 80 ಎಂದಾದರೆ ಅದು 26ಕ್ಕೆ ಏರಿ ಕೂರುತ್ತದೆ. ಅಂದರೆ ಬೆಂಕಿಯಂಥ ಮೇ ತಿಂಗಳಲ್ಲಿ ಕಂಪ್ಯೂಟರನ್ನು ಎಷ್ಟೋ ತಣ್ಣಗೆ ಮಾಡಬಹುದು. ಹಿತವಾದ ಮಳೆಗಾಲದಲ್ಲಿ ಸ್ವಲ್ಪ ಮುಂದೆ ಹೋದರೂ ಒಳಗೆ ಹನಿ ಬೀಳುತ್ತದೆ. ನಾರಾಯಣಪುರದ ಕಾಲುವೆ ಬಂದ ಮೇಲೆ ಜೋಳದ ಹೊಲಗಳು ಎಷ್ಟೋ ಕಡೆ ಭತ್ತದ ಗದ್ದೆಗಳಾಗಿವೆ. ಗದ್ದೆಯಲ್ಲಿ ನಿಂತ ನೀರಿನ ಮೇಲಿಂದ ಬರುವ ಗಾಳಿ ಕಂಪ್ಯೂಟರಿನ ಮಟ್ಟಿಗೆ ಒಳ್ಳೆಯ ನೆಂಟನಲ್ಲ.

ಇಬ್ಬನಿಯನ್ನು ಎಲ್ಲರೂ ಬೇಡ ಅನ್ನುತ್ತಾರೆಂದಲ್ಲ. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಯ ಕಡಲೆ ಹೂವಾಗುವ ಹೊತ್ತಿಗೆ, ಮೋಡವಿಲ್ಲದ ಚಳಿಗಾಲದ ರಾತ್ರಿ, ಗಿಡಗಳ ಮೇಲೆ ತೆಳು ಅರಿವೆ ಹಾಸಿ ಬರುತ್ತಿದ್ದರು. ಬೆಳಕು ಹರಿಯುವುದರೊಳಗೆ ಅದು ತೊಯ್ದು ತೊಪ್ಪೆಯಾಗಿರುತ್ತಿತ್ತು. ಹಿಂಡಿದರೆ ಕಡ್ಲಿ ಹುಳಿ. ಎಲೆ ಬಿಡುವ ಹುಳಿ ಇಬ್ಬನಿಯಲ್ಲಿ ಕರಗಿ ಬಂದದ್ದು. ಅದನ್ನು ಸೀಸೆಯಲ್ಲಿಟ್ಟುಕೊಂಡು, ಹೊಟ್ಟೆನೋವು ಬಂದರೆ ನಾಲ್ಕು ಹನಿ. ಹೊಟ್ಟೆ ನೆಟ್ಟಗಾಗುತ್ತಿತ್ತೋ ಇಲ್ಲವೋ, ಅದರ ಹುಳಿಗೆ ಹೆದರಿ ಮಕ್ಕಳು ನೋವು ಹೇಳುವುದನ್ನಂತೂ ಬಿಡುತ್ತಿದ್ದವು. ಆ ಎಲೆಗೆ ಯಾವ ಫ್ರಿಜ್ಜಿತ್ತು? ತನ್ನ ಬಿಸಿಯನ್ನು ತೆರೆದ ಆಕಾಶಕ್ಕೆ ಸೂಸಿ, ಸುತ್ತಲ ಗಾಳಿಗಿಂತಲೂ ತಣ್ಣಗಾಗಿರುತ್ತದೆ, ಅಷ್ಟೆ. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ ಉಣ್ಣೆಯ ಎಳೆಗಳನ್ನು ರಾತ್ರಿ ಹೊರಗಿಟ್ಟು, ಎಷ್ಟು ಇಬ್ಬನಿ ಕುಡಿದವೆಂದು ತೂಗಿ ತೂಗಿ ನೋಡಿ, 1814ರಲ್ಲಿ ಪುಸ್ತಕ ಬರೆದ: ಮೊದಲು ವಸ್ತು ತಣ್ಣಗಾಗುತ್ತದೆ, ಆಮೇಲೆ ಇಬ್ಬನಿ ಕೂರುತ್ತದೆ ಎಂದು. ಅರಿವೆ ಹಾಸುತ್ತಿದ್ದ ನಮ್ಮ ಮುದುಕಿಯರು ಪುಸ್ತಕ ಬರೆಯಲಿಲ್ಲ.

ಅಳಿಯನ ಎರಡನೆಯ ಯೋಜನೆ ಪಶು ಆಸ್ಪತ್ರೆಯ ಮೇಲೆ ಕಣ್ಣಿಟ್ಟಿತ್ತು. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಮುಳುಗಿಸಿಡುವ ಕ್ಯಾನಿನಲ್ಲಿ ದ್ರವ ಸಾರಜನಕ ಇರುತ್ತದಲ್ಲ, ಸೊನ್ನೆಗಿಂತ 196 ಡಿಗ್ರಿ ಕೆಳಗಿನದು, ಅದನ್ನೇ ಚಿಪ್ಪಿನ ಮೇಲೆ ಸುರಿದು ಕಂಪ್ಯೂಟರನ್ನು ಹುಚ್ಚುವೇಗದಲ್ಲಿ ಓಡಿಸಿ ದಾಖಲೆ ಮಾಡುವವರು ಜಗತ್ತಿನಲ್ಲಿದ್ದಾರೆ. ಕ್ಯಾನಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಬರುವುದನ್ನು ದನ ಹೊಡೆದುಕೊಂಡು ಹೋದವರೆಲ್ಲ ನೋಡಿರುತ್ತಾರೆ. ಆ ಹೊಗೆ ಸಾರಜನಕದ್ದಲ್ಲ, ನಮ್ಮೂರ ಗಾಳಿಯಲ್ಲಿದ್ದ ನೀರಿನದೇ. ಚಿಪ್ಪಿನ ಮೇಲೂ ಅದೇ ಗತಿ.

ಹಾಗಾಗಿ ದಾಖಲೆಯವರು ತಂಪಿಗಿಂತ ಹೆಚ್ಚು ಶ್ರಮವನ್ನು ಗಾಳಿ ತಡೆಯಲು ಹಾಕುತ್ತಾರೆ. ಚಿಪ್ಪಿನ ಸುತ್ತ ಗಾಳಿ ಸುಳಿಯದ ರಬ್ಬರ್ ಸ್ಪಂಜು ತುರುಕುತ್ತಾರೆ, ಬೋರ್ಡಿಗೆ ವಾರ್ನಿಷಿನಂಥದ್ದು ಬಳಿಯುತ್ತಾರೆ. ಕೆಲವರು ವ್ಯಾಸಲಿನ್ನನ್ನೇ ಮೆತ್ತುತ್ತಾರೆ, ಚಳಿಗಾಲದಲ್ಲಿ ಅವ್ವ ಹಿಮ್ಮಡಿಗೆ ಮೆತ್ತುವಷ್ಟೇ ಧಾರಾಳವಾಗಿ. ಸಂದಿಯಲ್ಲಿ ಗಾಳಿ ಇಲ್ಲದಿದ್ದರೆ ಆವಿ ಇಲ್ಲ, ಆವಿ ಇಲ್ಲದಿದ್ದರೆ ನೀರಿಲ್ಲ. ನಿಜವಾದ ಅಪಾಯ ಆಟ ಮುಗಿದ ಮೇಲಿನದು: ಓಡುವಾಗ ಮಂಜುಗಡ್ಡೆಯಾಗಿ ಸುಮ್ಮನಿದ್ದದ್ದು ಕರಗಿ ಹರಿಯುತ್ತದೆ. ಇಬ್ಬನಿ ಶುದ್ಧ ನೀರು, ಕರೆಂಟು ಅದರಲ್ಲಿ ಅಷ್ಟಾಗಿ ಹರಿಯದು ಎಂದು ಅಳಿಯ ವಾದಿಸಿದ. ಕಕ್ಕೇರಾದಲ್ಲಿ ಶುದ್ಧ ನೀರು ಶುದ್ಧವಾಗಿ ಉಳಿಯುವುದು ಎಷ್ಟು ಹೊತ್ತು? ಪೆಟ್ಟಿಗೆಯೊಳಗೆ ಎರೆಮಣ್ಣಿನ ಧೂಳು ಬಿತ್ತನೆಗೆ ಆಗುವಷ್ಟಿತ್ತು.

ಅಕ್ಕಿಯ ವಿಷಯವನ್ನೂ ಹೇಳಿಬಿಡುತ್ತೇನೆ. ತೊಯ್ದ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ಪದ್ಧತಿ ನಮ್ಮಲ್ಲೂ ಇದೆ, ಅಕ್ಕಿಗೇನು ಬರ? ಅದು ಬೇಡ, ಅಕ್ಕಿಯ ನುಚ್ಚು ಒಳಗೆ ಸೇರುತ್ತದೆ ಎಂದು 2024ರಲ್ಲಿ ಆ್ಯಪಲ್ ಕಂಪನಿಯೇ ತಿಳಿಹೇಳಿತು. ಬೀಸುವ ಗಾಳಿಯಲ್ಲಿಟ್ಟರೆ ಸಾಕು.

ಮನೆಯ ಸಾದಾ ಕಂಪ್ಯೂಟರಿಗೆ ಹೆದರಿಕೆ ಇಲ್ಲ. ಫ್ಯಾನು ಎಷ್ಟೇ ತಿರುಗಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು, ಹಾಗಾಗಿ ಇಬ್ಬನಿ ಬೀಳಲಾರದು. ಕೂಲರಿನ ಎದುರು ಇಡಬಾರದೆನ್ನುವುದು ಬೇರೆ ಕಾರಣಕ್ಕೆ: ಅದು ತುಂತುರು ಹಾರಿಸುತ್ತದೆ, ಬೋರಿನ ಸವಳು ನೀರಿನ ಉಪ್ಪನ್ನೂ ಜೊತೆಗೆ ಕಳಿಸುತ್ತದೆ. ಮಣ್ಣಿನ ಗಡಿಗೆಯಂತೂ ಈ ವಿಷಯದಲ್ಲಿ ಜಾಣ. ತನ್ನ ನೀರನ್ನು ಆರಿಸಿ ತಂಪಾಗುತ್ತದೆ, 40 ಡಿಗ್ರಿಯ ಒಣ ಬಿಸಿಲಲ್ಲಿ ಹೆಚ್ಚೆಂದರೆ 22ರ ಆಸುಪಾಸಿಗೆ ಇಳಿದು ನಿಲ್ಲುತ್ತದೆ, ಇಬ್ಬನಿ ಬಿಂದುವಿನ ಗಡಿ ಎಂದೂ ದಾಟುವುದಿಲ್ಲ. ಅದರ ಮೈಮೇಲಿನ ಹಸಿ ಒಳಗಿನದು. ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟದ ಮೈಮೇಲಿನದು ಹೊರಗಿನದು.

ಅಂಥ ಲೋಟವಾಗುವ ಸರದಿ ಕಂಪ್ಯೂಟರಿಗೂ ಒಮ್ಮೊಮ್ಮೆ ಬರುತ್ತದೆ. ಬೆಂಗಳೂರಿನಿಂದ ಎಸಿ ಬಸ್ಸಿನಲ್ಲಿ ರಾತ್ರಿಯೆಲ್ಲ ನಡುಗಿ, ಶ್ರಾವಣದ ಬೆಳಗಿನಲ್ಲಿ ಸುರಪುರದಲ್ಲಿ ಇಳಿದವರ ಕನ್ನಡಕ ಮಬ್ಬಾಗುವುದನ್ನು ನೋಡಿ. ಚೀಲದೊಳಗಿನ ಲ್ಯಾಪ್‌ಟಾಪೂ ಅಷ್ಟೇ ತಣ್ಣಗಿರುತ್ತದೆ. ಮನೆಗೆ ಬಂದು ಚಹಾ ಕುಡಿದು, ಸ್ನಾನ ಮಾಡಿ, ಅದು ಊರಿನ ಬಿಸಿಗೆ ಹೊಂದಿಕೊಂಡ ಮೇಲೆ ಚೀಲ ಬಿಚ್ಚಬೇಕು. ಹನಿ ಬೀಳುವುದಿದ್ದರೆ ಚೀಲದ ಮೇಲೆ ಬೀಳಲಿ.

ಅಳಿಯ ಧೂಳು ಊದಿಸಿ, ಪೆಟ್ಟಿಗೆಯನ್ನು ಗೋಡೆಯಿಂದ ಮುಂದೆ ಸರಿಸಿದ. ಬಿಸಿ ಗಣನೀಯವಾಗಿ ಇಳಿಯಿತು. ಆದರೂ ಮೂರನೆಯ ಯೋಜನೆ ಬಂತು: ಕೋಣೆಗೆ ಎಸಿ. ಎಸಿ ಗಾಳಿಯ ನೀರನ್ನು ಹಿಂಡಿ ಕೊಳವೆಯಲ್ಲಿ ಹೊರಗೆ ಬಿಡುತ್ತದೆ, ಆಮೇಲೆ ಕೋಣೆಯಲ್ಲಿ ಇಬ್ಬನಿಗೆ ಜಾಗವೇ ಇಲ್ಲ ಎಂದು ಅಜ್ಜಿಗೆ ವಿವರಿಸಿದ. ಅವ್ವ ಬಿಲ್ಲಿನ ಮಾತೆತ್ತುವಳೆಂದುಕೊಂಡಿದ್ದೆ.

"ನೀರು ಹೊರಗ ಬರ್ತದೇನು? ನಳ ಬರಲಾರದ ದಿನ ದಿನಕ್ಕ ಎಷ್ಟು ಕೊಡ ಆಗ್ತದ, ಹೇಳು" ಅಂದಳು.

ಅಳಿಯ ಯುದ್ಧ ನಿಲ್ಲಿಸಿ ಲೆಕ್ಕ ಹಾಕುತ್ತಿದ್ದಾನೆ.