ಕೆಡಲು ಹೊರಟವನ ಕ್ಯಾಸೆಟ್ಟು

ಬೆಂಗಳೂರಿಗೆ ಓದಲು ಬಂದ ಹುಡುಗರಿಗೆ ಕೆಡುವುದಕ್ಕೆ ಆ ಕಾಲದಲ್ಲಿ ಹೆಚ್ಚು ದಾರಿಗಳಿರಲಿಲ್ಲ. ಇದ್ದ ದಾರಿಗಳಿಗೆಲ್ಲ ದುಡ್ಡು ಬೇಕಿತ್ತು. ಸಿಗರೇಟಿಗೆ ದುಡ್ಡು, ಬಿಯರಿಗೆ ಇನ್ನಷ್ಟು ದುಡ್ಡು, ಪ್ರೇಮಕ್ಕಂತೂ ಎರಡೆರಡು ಮಸಾಲೆ ದೋಸೆಯ ದುಡ್ಡು. ಅಪ್ಪಯ್ಯ ತೀರ್ಥಹಳ್ಳಿಯಿಂದ ಕಳಿಸುತ್ತಿದ್ದ ಮನಿಯಾರ್ಡರಿನಲ್ಲಿ ಸಭ್ಯನಾಗಿ ಉಳಿಯುವುದೇ ಕಷ್ಟವಿತ್ತು. ಆದರೂ ಅವರು ಪ್ರತಿ ಕಾಗದದ ಕೊನೆಗೆ ‘ಸಹವಾಸ ದೋಷದಿಂದ ಕೆಡಬೇಡ’ ಎಂದು ಬರೆಯುವುದನ್ನು ಬಿಡಲಿಲ್ಲ. ಅಷ್ಟೊಂದು ನಂಬಿಕೆಯಿಟ್ಟು ಬರೆಯುವವರನ್ನು ಎಷ್ಟು ದಿನ ಅಂತ ನಿರಾಸೆಪಡಿಸುವುದು?

ಪುಕ್ಕಟೆ ಕೆಡುವ ದಾರಿಯೊಂದನ್ನು ಕೊನೆಗೂ ತೋರಿಸಿಕೊಟ್ಟವನು ಶಿಲ್ಲಾಂಗಿನಿಂದ ಬಂದಿದ್ದ ಸಹಪಾಠಿ. ಈಶಾನ್ಯದ ಹುಡುಗರ ಟ್ರಂಕುಗಳಲ್ಲಿ ಬಟ್ಟೆಗಿಂತ ಕ್ಯಾಸೆಟ್ಟುಗಳೇ ಹೆಚ್ಚಿರುತ್ತಿದ್ದ ಕಾಲ ಅದು, 1990ರ ಆಸುಪಾಸು. ನನ್ನ ಹಣೆಯ ಕುಂಕುಮ ನೋಡಿಯೋ ಏನೋ, ಇವನನ್ನು ಉದ್ಧಾರ ಮಾಡಲೇಬೇಕು ಎಂದು ಅವನಿಗೆ ಅನ್ನಿಸಿರಬೇಕು. ‘ಇದು ಹೆವಿ ಮೆಟಲ್. ಸೈತಾನನ ಸಂಗೀತ ಅಂತ ಅಮೆರಿಕದಲ್ಲಿ ಪಾದ್ರಿಗಳು ಈ ರೆಕಾರ್ಡುಗಳನ್ನು ಸುಡ್ತಾರೆ’ ಎಂದು ಹೆಮ್ಮೆಯಿಂದ ಹೇಳಿ, 90 ನಿಮಿಷದ ಒಂದು ಕ್ಯಾಸೆಟ್ಟು ಕೊಟ್ಟ. ಒಂದು ಬದಿಯಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ 1970ರ ಮೊದಲ ಆಲ್ಬಂ, ಇನ್ನೊಂದು ಬದಿಯಲ್ಲಿ ಐರನ್ ಮೇಡನ್‌ನ 1984ರ ‘ಪವರ್‌ಸ್ಲೇವ್’. ಲೇಬಲ್ಲಿನ ಮೇಲೆ ಬಾಲ್‌ಪೆನ್ನಿನಲ್ಲಿ ತಲೆಬುರುಡೆಯ ಚಿತ್ರ. ಬುರುಡೆ ನಗುತ್ತಿತ್ತು. ಅದರ ಕೆಳಗೆ, ದಯವಿಟ್ಟು ಸೋಮವಾರ ವಾಪಸು ಕೊಡತಕ್ಕದ್ದು ಎಂಬ ಸೂಚನೆ.

ನಾನಿದ್ದದ್ದು ಚಾಮರಾಜಪೇಟೆಯ ಸೋದರಮಾವನ ಮನೆಯಲ್ಲಿ. ಮಾವ ಹಾಡುವವರಲ್ಲ, ಕೇಳುವವರು. ಕೇಳುವವರ ಕಟ್ಟುನಿಟ್ಟು ಹಾಡುವವರಿಗೆಲ್ಲಿ ಬರಬೇಕು! ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು, ಸ್ವರ ಎಲ್ಲಾದರೂ ಕೂದಲೆಳೆ ಜಾರಿದರೆ ಶಲ್ಯ ಕೊಡವಿ ಮತ್ತೆ ಹೆಗಲ ಮೇಲೆ ಹಾಕಿಕೊಳ್ಳುವರು. ಆ ಶಲ್ಯಕ್ಕೆ ಹೆದರಿ ಎಂಥೆಂಥ ವಿದ್ವಾಂಸರು ಅತ್ತ ನೋಡದೆ ಪಿಟೀಲಿನವರ ಕಡೆ ತಿರುಗಿ ಹಾಡುತ್ತಿದ್ದರು ಎಂದು ಅತ್ತೆ ಹೇಳುತ್ತಿದ್ದರು. ಮನೆಯಲ್ಲಿದ್ದ ಒಂದೇ ಒಂದು ಟೂ-ಇನ್-ಒನ್ ಹಜಾರದಲ್ಲಿ, ದೇವರ ಕೋಣೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ. ಸೈತಾನನನ್ನು ಬರಮಾಡಿಕೊಳ್ಳಲು ಬೇರೆ ಜಾಗವಿರಲಿಲ್ಲ.

ಮಾವ ಮಲಗಿದ್ದ ಮಧ್ಯಾಹ್ನ ನೋಡಿ, ಸದ್ದು ತಗ್ಗಿಸಿ, ಗುಂಡಿ ಒತ್ತಿದೆ. ಮೊದಲು ಕೇಳಿದ್ದು ಮಳೆ. ಸುಳ್ಳಲ್ಲ, ಜಡಿಮಳೆ. ಆಮೇಲೆ ಗುಡುಗು. ದೂರದಲ್ಲೆಲ್ಲೋ ಚರ್ಚಿನ ಗಂಟೆ. ಹೆವಿ ಮೆಟಲ್ ಎಂಬುದು ಹುಟ್ಟಿದ್ದೇ ಈ ಆಲ್ಬಮ್ಮಿನಿಂದ ಎಂದು ತಿಳಿದವರು ಹೇಳುತ್ತಾರೆ. ಹುಟ್ಟಿದ್ದು ಮಳೆಯಲ್ಲಿ ಎಂದಾಯಿತು. ನಾನು ಮೈ ಜುಮ್ಮೆನಿಸಿಕೊಳ್ಳಲು ಸಿದ್ಧನಾಗುತ್ತಿದ್ದಂತೆ ಅಡುಗೆಮನೆಯಿಂದ ‘ಅಯ್ಯೋ ನನ್ನ ಸಂಡಿಗೆ!’ ಎಂಬ ಆರ್ತನಾದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಓಡಿದರು. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಅರ್ಧ ಒಣಗಿದ್ದ ಸಂಡಿಗೆಯನ್ನು ಹಳೇ ಪಂಚೆ ಸಮೇತ ಬಾಚಿಕೊಂಡು ಕೆಳಗಿಳಿಯುವುದಕ್ಕೂ, ಟೋನಿ ಐಯೋಮಿಯ ಗಿಟಾರು ಧಡಾರೆಂದು ಬೀಳುವುದಕ್ಕೂ ಸರಿಹೋಯಿತು. ಒಂದು ಕ್ಷಣ ಅವರು ಆಕಾಶವನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಟೂ-ಇನ್-ಒನ್ನನ್ನೇ ನೋಡಿದರು.

‘ಏನೋ ಇದು, ಕಾಲೇಜಿನ ಪಾಠವಾ?’

ಅಷ್ಟರಲ್ಲಿ ಮಾವ ಎದ್ದು ಬಂದಿದ್ದರು. ಬೈಯುತ್ತಾರೆಂದುಕೊಂಡೆ. ಅವರು ಬೆತ್ತದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿದರು. ಆ ಹಾಡಿನಲ್ಲಿ ಗಿಟಾರು ನುಡಿಸುವುದು ಮೂರೇ ಸ್ವರ, ಅದೂ ಹೆಣ ಹೊತ್ತವರ ನಡಿಗೆಯಲ್ಲಿ.

‘ಷಡ್ಜ’ ಎಂದರು ಮಾವ. ‘ತಾರ ಷಡ್ಜ.’ ಸ್ವಲ್ಪ ತಡೆದು, ‘ಪ್ರತಿಮಧ್ಯಮ. ಭೇಷ್. ಅಲ್ಲಾಡಿಸ್ತಾ ಇದಾನೆ ನೋಡು. ಗಮಕ ಹಾಕೋಕೆ ನೋಡ್ತಾನೆ ಪಾಪ.’

ಸಹಪಾಠಿ ಹೇಳಿಕೊಟ್ಟಿದ್ದನ್ನು ನಾನು ಗಂಭೀರವಾಗಿ ಒಪ್ಪಿಸಿದೆ: ಷಡ್ಜಕ್ಕೂ ಆ ಮೂರನೆಯ ಸ್ವರಕ್ಕೂ ಇರುವ ಅಂತರವನ್ನು ಯುರೋಪಿನ ಹಳೆಯ ಸಂಗೀತ ಪಂಡಿತರು ಪಿಶಾಚಿ ಎಂದೇ ಕರೆದಿದ್ದರು, ಅದಕ್ಕೇ ಈ ಹಾಡು ಅಷ್ಟು ಭಯಂಕರ. ಮಾವ ಕಣ್ಣು ಬಿಟ್ಟರು.

‘ಪಿಶಾಚಿ? ಕಲ್ಯಾಣಿಯ ಜೀವ ಕಣೋ ಅದು. ಮದುವೆಮನೆಯಲ್ಲಿ ನಾಗಸ್ವರದವನು ದಿನಾ ನುಡಿಸ್ತಾನೆ. 72 ಮೇಳಕರ್ತದಲ್ಲಿ 36 ಪ್ರತಿಮಧ್ಯಮದ್ದೇ. ಅರ್ಧಕ್ಕರ್ಧ ರಾಗ ಪಿಶಾಚಿಗೆ ಬರೆದುಕೊಟ್ರೆ ನಾವೇನು ಹಾಡೋದು?’

ಕೆಡುವ ನನ್ನ ಯೋಜನೆಗೆ ಬಿದ್ದ ಮೊದಲ ಪೆಟ್ಟು ಇದು. ಸೈತಾನ ಬಂದ ಕಾಲಿಗೇ ಕಲ್ಯಾಣಿಯಾಗಿಬಿಟ್ಟ. ಮಾವನ ತಕರಾರು ಬೇರೆಯೇ ಇತ್ತು: ಇಷ್ಟು ಚೆಂದದ ಸ್ವರ ಹಿಡಿದವನು ಮುಂದೆ ಪಂಚಮಕ್ಕೆ ಹೋಗದೆ ಅಲ್ಲೇ ಯಾಕೆ ಕೂತ? ಬೆಳೆಸಬಾರದೇ? ಗುರುಗಳಿಲ್ಲವೇ?

ಗುರುಗಳ ಪ್ರಶ್ನೆಗೆ ಉತ್ತರವಾಗಿ ಐಯೋಮಿಯ ಕಥೆ ಹೇಳಿದೆ. ಬರ್ಮಿಂಗ್‌ಹ್ಯಾಮ್‌ನ ಹುಡುಗ, ತಗಡು ಕಾರ್ಖಾನೆಯಲ್ಲಿ ಕೆಲಸ, 17ನೆಯ ವಯಸ್ಸಿನಲ್ಲಿ, ಕೆಲಸ ಬಿಡಬೇಕಿದ್ದ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ತಂತಿ ಒತ್ತುವ ಕೈಯೇ ಅದು. ವೈದ್ಯರು ಗಿಟಾರು ಮರೆತುಬಿಡು ಎಂದರು. ಇವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ, ಒತ್ತಲು ಸುಲಭವಾಗಲೆಂದು ತೆಳು ತಂತಿ ಹಾಕಿದ, ಮುಂದಿನ ವರ್ಷಗಳಲ್ಲಿ ಶ್ರುತಿಯನ್ನೇ ಕೆಳಗಿಳಿಸಿದ. ಆ ಮಂದ್ರದ ಗುಡುಗನ್ನು ಆಮೇಲೆ ಬಂದವರೆಲ್ಲ ನಕಲು ಮಾಡಿದರು, ಹತ್ತೂ ಬೆರಳು ನೆಟ್ಟಗಿದ್ದವರು ಕೂಡ.

ಮಾವ ತಮ್ಮ ಬೆರಳುಗಳನ್ನು ನೋಡಿಕೊಂಡರು. ‘ಸಾಧಕ. ಇನ್ನೊಂದ್ಸಲ ಹಾಕು.’

‘ಒಂದ್ನಿಮಿಷ ತಡೀರಿ, ಸಂಡಿಗೆ ಮೇಲಿಟ್ಟು ಬರ್ತೀನಿ’ ಎಂದರು ಅತ್ತೆ.

ಎರಡನೆಯ ಸಲ ಕೇಳುವಾಗ ನಾನು ಸಾಹಿತ್ಯದ ಕಡೆ ಕಿವಿಗೊಟ್ಟೆ. ಸೈತಾನನ ಸ್ತೋತ್ರವಿರಬಹುದೆಂಬ ಆಸೆ. ಕೇಳಿದರೆ, ಹಾಡುವ ಮನುಷ್ಯ ಎದುರಿಗೆ ನಿಂತ ಕಪ್ಪು ಆಕೃತಿ ಕಂಡು ನಡುಗಿ ದೇವರೇ ಕಾಪಾಡು ಎಂದು ಮೊರೆಯಿಡುತ್ತಿದ್ದಾನೆ! ಇಂಥ ದೈವಭಕ್ತನನ್ನು ನಂಬಿ ಯಾರಾದರೂ ಕೆಡುವುದುಂಟೇ? ಆಮೇಲೆ ತಿಳಿದದ್ದು ಇನ್ನೂ ಅನ್ಯಾಯ. ಗಾಯಕ ಆಜಿ ಆಸ್ಬರ್ನ್‌ನ ಅಪ್ಪ ತಮ್ಮ ಕಾರ್ಖಾನೆಯಲ್ಲೇ ನಾಲ್ಕು ಲೋಹದ ಶಿಲುಬೆ ಮಾಡಿ, ಹುಡುಗರಿಗೆ ಕೆಟ್ಟ ದೃಷ್ಟಿ ತಾಗದಿರಲೆಂದು ಕೊರಳಿಗೆ ಹಾಕಿಸಿದ್ದರಂತೆ. ಅಪ್ಪನ ತಾಯಿತ ಕಟ್ಟಿಕೊಂಡು ಊರನ್ನೆಲ್ಲ ಹೆದರಿಸಲು ಹೊರಟ ಮಕ್ಕಳು. ನಮ್ಮೂರ ಬಯಲಾಟದಲ್ಲಿ ನಡುರಾತ್ರಿ ಚಂಡೆಯ ಅಬ್ಬರದ ನಡುವೆ ಬಣ್ಣದ ವೇಷ ಆರ್ಭಟಿಸಿದರೆ ನಾವು ಅಮ್ಮನ ಸೆರಗಿನೊಳಗೆ ಸೇರುತ್ತಿದ್ದೆವು. ಬೆಳಗಿನ ಜಾವ ಚೌಕಿಯಲ್ಲಿ ಅದೇ ರಕ್ಕಸ ಕೊಬ್ಬರಿ ಎಣ್ಣೆಯಲ್ಲಿ ಮುಖದ ಬಣ್ಣ ಒರೆಸುತ್ತ ‘ಒಂದು ಬೀಡಿ ಉಂಟಾ ಮಾರಾಯ’ ಎನ್ನುತ್ತಿದ್ದ. ಅವನನ್ನು ನೋಡಿ ಬೆಳೆದವನಿಗೆ ಬರ್ಮಿಂಗ್‌ಹ್ಯಾಮ್‌ನವರು ಏನು ಮಾಡಿಯಾರು?

ಕೊನೆಯ ಅಸ್ತ್ರವಾಗಿ ಬಾವಲಿಯ ಪ್ರಕರಣ ಬಿಟ್ಟೆ. 1982ರಲ್ಲಿ ಅಮೆರಿಕದ ಡಿಮಾಯ್ನ್ ಎಂಬ ಊರಿನಲ್ಲಿ ಅಭಿಮಾನಿಯೊಬ್ಬ ವೇದಿಕೆಗೆಸೆದ ಬಾವಲಿಯನ್ನು ರಬ್ಬರ್ ಗೊಂಬೆ ಎಂದುಕೊಂಡು ಆಜಿ ತಲೆ ಕಚ್ಚಿಬಿಟ್ಟ, ಆಮೇಲೆ ರೇಬಿಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಓಡಿಸಬೇಕಾಯಿತು. ಅತ್ತೆಗೆ ಬಾವಲಿಯ ಮೇಲೂ ಕೋಪ ಬರಲಿಲ್ಲ, ಆಜಿಯ ಮೇಲೂ ಬರಲಿಲ್ಲ. ‘ಹೊಕ್ಕುಳ ಸುತ್ತ ಹದಿನಾಲ್ಕೂ ಚುಚ್ಚಿದ್ರಾ? ಪಾಪ, ಯಾರ ಮನೆ ಮಗನೋ’ ಎಂದು ಲೊಚಗುಟ್ಟಿದರು.

ಇನ್ನು ಎರಡನೆಯ ಬದಿ. ಐರನ್ ಮೇಡನ್ ಎಂದರೆ ಓಟ. ಸ್ಟೀವ್ ಹ್ಯಾರಿಸ್‌ನ ಬಾಸ್ ಗಿಟಾರು ಕುದುರೆ ಗೊರಸಿನ ಲಯದಲ್ಲಿ ಹೊರಟರೆ ಬ್ರೂಸ್ ಡಿಕಿನ್‌ಸನ್ ಅದರ ಮೇಲೆ ನಿಂತು ಕೂಗುತ್ತಾನೆ. ಮಾವ ಇದಕ್ಕೆ ‘ದ್ರುತ’ ಎಂದಷ್ಟೇ ಹೇಳಿ ಕಾಫಿಗೆ ಎದ್ದರು. ನನಗೂ ಈವತ್ತಿನವರೆಗೆ ಅನ್ನಿಸುವುದು ಅದೇ: ಹೆದರಿಸಬೇಕೆಂದರೆ ನಿಧಾನವಾಗಿ ಬರಬೇಕು. ಓಡಿ ಬರುವವನನ್ನು ಕಂಡರೆ ಇವನನ್ನೇ ಏನೋ ಬೆನ್ನಟ್ಟಿದೆ ಅನ್ನಿಸಿ ಕನಿಕರ ಹುಟ್ಟುತ್ತದೆ. ಮೇಡನ್ ನಂತರ ಬಂದ ಅನೇಕರು ವೇಗದ ಮೇಲೆ ವೇಗ ಹೇರಿ ಮೆಟಲ್ಲನ್ನು ಬೆರಳಿನ ಕಸರತ್ತು ಮಾಡಿದರು ಎಂಬುದು ನನ್ನ ದೂರು. ಇದನ್ನು ಹೇಳಿದಾಗೆಲ್ಲ ಮಗ ಕೋಣೆಯಿಂದ ಎದ್ದು ಹೋಗುತ್ತಾನೆ.

ಆದರೆ ಆ ಆಲ್ಬಮ್ಮಿನ ಕೊನೆಯ ಹಾಡು ನನ್ನನ್ನು ಹಿಡಿದುಬಿಟ್ಟಿತು. ಮುದಿ ನಾವಿಕನೊಬ್ಬ ಆಲ್ಬಟ್ರಾಸ್ ಹಕ್ಕಿಯನ್ನು ಕೊಂದು ಶಾಪಕ್ಕೆ ಗುರಿಯಾಗುವ ಕಥೆ; ಹದಿಮೂರು ನಿಮಿಷ ದಾಟುವ ಹಾಡು. ಆಲ್ಬಂ 51 ನಿಮಿಷದ್ದು. ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷದ್ದು. ಶಿಲ್ಲಾಂಗಿನವನು ಈ ಲೆಕ್ಕ ಹಾಕಿರಲಿಲ್ಲ. ಗಾಳಿ ನಿಂತು, ಹಡಗು ನಡುಸಮುದ್ರದಲ್ಲಿ ಅಲ್ಲಾಡದೆ, ಹಗ್ಗಗಳು ಕಿರುಗುಟ್ಟುವ ಭಾಗ ದಾಟುತ್ತಿದ್ದಂತೆಯೇ ಟಕ್ಕೆಂದು ಗುಂಡಿ ಮೇಲೆದ್ದಿತು. ಶಾಪ ಬಿಟ್ಟಿತೋ ಇಲ್ಲವೋ? ಕೇಳಿದರೆ ಅವನು ‘ಕೊನೆಗೆ ಒಳ್ಳೆ ಗಿಟಾರ್ ಇದೆ’ ಎಂದ. ಕಥೆಯ ಬಗ್ಗೆ ಅವನಿಗೆ ಕಾಳಜಿಯಿರಲಿಲ್ಲ.

ದಾರಿ ಒಂದೇ ಉಳಿಯಿತು. ಆ ಹಾಡು ಹುಟ್ಟಿದ್ದು ಕೋಲ್‌ರಿಜ್ ಬರೆದ, 1798ರಲ್ಲಿ ಅಚ್ಚಾದ ಕಾವ್ಯದಿಂದ. ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳಿದೆ. ವಿಜ್ಞಾನದ ಹುಡುಗ ಇಂಗ್ಲಿಷ್ ಕಾವ್ಯ ಕೇಳಿದ್ದಕ್ಕೆ ಗ್ರಂಥಪಾಲಕರು ಕನ್ನಡಕ ತೆಗೆದು ನೋಡಿ, ‘ಪರೀಕ್ಷೆಗಾ?’ ಎಂದರು. ಹೆವಿ ಮೆಟಲ್ಲಿಗೆ ಎಂದು ಹೇಳುವ ಧೈರ್ಯ ಸಾಲದೆ ‘ಆಸಕ್ತಿಗೆ’ ಎಂದೆ. ಆ ದಿನದಿಂದ ಅವರು ನನ್ನನ್ನು ಕಂಡಾಗೆಲ್ಲ ಎದ್ದು ನಗುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರಿಗೂ ತೋರಿಸಿದರು. ಕೆಡಲು ಹೊರಟವನ ಹೆಸರು ಕಾಲೇಜಿನಲ್ಲಿ ಒಳ್ಳೆಯ ಹುಡುಗ ಎಂದು ಕೆಟ್ಟಿತು.

ಅದೇ ವರ್ಷ ಅಮೆರಿಕದ ರೀನೋ ಊರಿನ ನ್ಯಾಯಾಲಯದಲ್ಲಿ ಜೂಡಾಸ್ ಪ್ರೀಸ್ಟ್ ತಂಡದ ಮೇಲೆ ಮೊಕದ್ದಮೆ ನಡೆಯಿತು. ಇಬ್ಬರು ತರುಣರ ದುರಂತಕ್ಕೆ ಹಾಡಿನಲ್ಲಿ ಅಡಗಿಸಿಟ್ಟ ಮಾತೇ ಕಾರಣ ಎಂಬ ಆರೋಪ. ಆ ಮನೆಯವರ ಸಂಕಟ ನಗುವ ವಿಷಯವಲ್ಲ. ಆದರೆ ಗಾಯಕ ರಾಬ್ ಹಾಲ್‌ಫೋರ್ಡ್ ತನ್ನ ಹಾಡುಗಳನ್ನು ತಾನೇ ಹಿಮ್ಮುಖವಾಗಿ ಓಡಿಸಿ, ಹುಡುಕಿದರೆ ಮುರಿದ ಕುರ್ಚಿಯ ಮಾತೂ ಪೆಪ್ಪರ್‌ಮಿಂಟಿನ ಮಾತೂ ಕೇಳಿಸುತ್ತದೆಂದು ತೋರಿಸಿದ. ನ್ಯಾಯಾಧೀಶರು ತಂಡದ ಪರವಾಗಿ ತೀರ್ಪು ಕೊಟ್ಟರು. ‘ಪೆಪ್ಪರ್‌ಮಿಂಟಾ?’ ಎಂದು ಮಾವನೂ ನಿರಾಸೆಯಿಂದಲೇ ಕೇಳಿದರು.

2007ರ ಮಾರ್ಚಿನಲ್ಲಿ ಮೇಡನ್ ಬೆಂಗಳೂರಿಗೇ ಬಂದಾಗ ನನಗೆ ಆಫೀಸು ಬಿಡಲಾಗಲಿಲ್ಲ. 2009ರ ಫೆಬ್ರವರಿ 15ರಂದು ಮತ್ತೆ ಬಂದರು. ಆ ಪ್ರವಾಸದಲ್ಲಿ ತಂಡದ ಬೋಯಿಂಗ್ 757 ವಿಮಾನಕ್ಕೆ ಗಾಯಕ ಡಿಕಿನ್‌ಸನ್ನೇ ಪೈಲಟ್ಟು. ಸೈತಾನನ ಕಡೆಯವರು ಇಷ್ಟು ಪರೀಕ್ಷೆ ಪಾಸು ಮಾಡಿರುತ್ತಾರೆಂದು ಅಪ್ಪಯ್ಯನಿಗೆ ತಿಳಿದಿದ್ದರೆ ಅವರೇ ಟಿಕೆಟು ತೆಗೆಸಿಕೊಡುತ್ತಿದ್ದರು. ಮಗನ ನೆಪದಲ್ಲಿ ಹೊರಟೆ. ಅವನು ಕಪ್ಪು ಟೀ ಶರ್ಟು ತೊಟ್ಟು ನನ್ನಿಂದ ಸಾಕಷ್ಟು ಮುಂದೆ ನಡೆಯುತ್ತಿದ್ದ. ನನ್ನದು ಚೌಕಳಿ ಅಂಗಿ. ಅರಮನೆ ಮೈದಾನವೆಂದ ಮೇಲೆ ಪಕ್ಕದಲ್ಲೊಂದು ಮದುವೆ ಇರಲೇಬೇಕಲ್ಲ. ಗೇಟಿನಲ್ಲಿ ಜರಿಪಂಚೆಯ ಹಿರಿಯರೊಬ್ಬರು ನನ್ನ ತೋಳು ಹಿಡಿದು ‘ಹುಡುಗಿ ಕಡೆಯವರಾ? ಬನ್ನಿ, ಪಾರ್ಕಿಂಗ್ ಈ ಕಡೆ’ ಎಂದರು. ಬಿಡಿಸಿಕೊಳ್ಳುವುದಕ್ಕೆ ಹೊತ್ತಾಯಿತು.

ಒಳಗೆ ಸಾವಿರಾರು ಹುಡುಗರು ತಲೆ ಒದರುತ್ತಿದ್ದರು. ಒಬ್ಬನ ಮೊಣಕೈ ತಗುಲಿದ್ದಕ್ಕೆ ಅವನು ‘ಸಾರಿ ಅಂಕಲ್’ ಎಂದು ಎರಡು ಸಲ ಹೇಳಿ, ನೀರಿನ ಬಾಟಲಿ ಕೊಟ್ಟ. ನಾವಿಕನ ಹಾಡು ಬಂತು. ಗಾಳಿ ನಿಂತು ಹಡಗು ತಡೆದಲ್ಲಿ ನನ್ನ ಕಿವಿ ಆ ಟಕ್ ಸದ್ದಿಗೇ ಕಾಯುತ್ತಿತ್ತು. ಟಕ್ ಎನ್ನಲಿಲ್ಲ. ಹಡಗು ಹೊರಟಿತು, ಕೊನೆಗೆ ನಿಜವಾಗಿಯೂ ಒಳ್ಳೆ ಗಿಟಾರ್ ಇತ್ತು.

ಹೊರಬಂದಾಗ ಒಂದೇ ಒಂದು ಆಟೋ.

‘ಏನ್ ಸಾರ್ ಅಷ್ಟು ಸೌಂಡು, ಮದುವೇನಾ?’

‘ಅಲ್ಲಪ್ಪ, ಸಂಗೀತ ಕಾರ್ಯಕ್ರಮ.’

‘ಊಟ?’

‘ಊಟ ಇರಲಿಲ್ಲ.’

ಅವನು ತಿರುಗಿ, ಬೆವರಿನಲ್ಲಿ ನೆನೆದಿದ್ದ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. ‘ಅಷ್ಟು ದುಡ್ಡು ಇಸ್ಕೊಂಡು ಊಟಾನೂ ಹಾಕಿಲ್ವಾ? ಡಬಲ್ ಕೇಳೋಣ ಅಂತಿದ್ದೆ. ಹತ್ತಿ ಸಾರ್, ಒಂದೂವರೆ ಕೊಡಿ.’