ಕಿಡ್ನಿಯಿಂದ ಮಿದುಳಿಗೆ ಡೆಪ್ಯುಟೇಷನ್

(ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇಲಿಯ ಮಿದುಳಿನ ಹೊರಪದರದಲ್ಲಿ ಬೀಡುಬಿಟ್ಟಿರುವ ‘ಸ್ನಿಫರ್’ ಜೀವಕೋಶದ ಕಾಲ್ಪನಿಕ ಸಂದರ್ಶನ)

ತಮ್ಮ ಊರು, ಹೆಸರು?

ಹುಟ್ಟಿದ್ದು ನೆದರ್ಲೆಂಡ್ಸ್‌ನ ಲೈಡನ್, 1973. ಮಾನವ ಭ್ರೂಣದ ಮೂತ್ರಪಿಂಡದ ವಂಶ. ಹೆಸರು ಎಚ್‌ಇಕೆ 293. ವಿಜ್ಞಾನಿ ಫ್ರಾಂಕ್ ಗ್ರಹಾಂ ಅವರ 293ನೇ ಪ್ರಯೋಗದಲ್ಲಿ ಬದುಕಿಕೊಂಡೆ, ಪ್ರಯೋಗದ ಸಂಖ್ಯೆಯೇ ಹೆಸರಾಯಿತು. ನಾಮಕರಣದ ಖರ್ಚು ಉಳಿಯಿತು.

ಕಿಡ್ನಿಯವರಿಗೆ ಮಿದುಳಲ್ಲೇನು ಕೆಲಸ?

ಡೆಪ್ಯುಟೇಷನ್. ಇಲ್ಲಿನ ನರಕೋಶಗಳು ಒಂದೇ ಉಸಿರಿಗೆ ಹತ್ತು ಸುದ್ದಿ ಕೇಳುತ್ತವೆ. ನನ್ನ ಕೆಲಸ ಡೋಪಮೈನ್ ಎಂಬ ಒಂದೇ ರಾಸಾಯನಿಕವನ್ನು ಪತ್ತೆ ಹಚ್ಚುವುದು. ನನಗೆ ಅದರ ಗಂಧವೇ ಇರಲಿಲ್ಲ. ಅದೇ ನನ್ನ ಅರ್ಹತೆ! ಮೈಮೇಲೆ ಡಿ2 ಎಂಬ ಗ್ರಾಹಕವೊಂದನ್ನು ಕೂರಿಸಿದರು, ಕೆಲಸ ಖಾಯಂ.

ಗ್ರಾಹಕ ಏನು ಮಾಡುತ್ತದೆ?

ಡೋಪಮೈನ್ ಬಂದು ಅಂಟಿದರೆ ನನ್ನೊಳಗೆ ಕ್ಯಾಲ್ಸಿಯಂ ಏರಬೇಕು. ಆದರೆ ಡಿ2ಗೂ ಕ್ಯಾಲ್ಸಿಯಂಗೂ ಮಾತುಕತೆ ಇಲ್ಲ. ನಡುವೆ ಒಂದು ಬೆರಕೆ ಜಿ-ಪ್ರೋಟೀನನ್ನು ದುಭಾಷಿಯಾಗಿ ನೇಮಿಸಿದ್ದಾರೆ. ಕ್ಯಾಲ್ಸಿಯಂ ಏರಿದೊಡನೆ ನನ್ನೊಳಗೆ ಅಳವಡಿಸಿದ ನೀಲಿ ಬೆಳಕು ಮಂಕಾಗಿ ಹಳದಿ ಹೆಚ್ಚುತ್ತದೆ. ಬುರುಡೆಯ ತೆಳು ಕಿಟಕಿಯಿಂದ ಲೇಸರ್ ಇಳಿಸಿ ಅದನ್ನೇ ಅಳೆಯುತ್ತಾರೆ.

ಸ್ಥಳೀಯರು ಹೊರಗಿನವರನ್ನು ಸಹಿಸುತ್ತಾರೆಯೇ?

ಇಲಿಗೆ ರೋಗನಿರೋಧಕ ಶಕ್ತಿ ಅಡಗಿಸುವ ಔಷಧಿ ಕೊಡುತ್ತಾರೆ. ಎಲ್ಲ ಡೆಪ್ಯುಟೇಷನ್‌ಗೂ ಈ ಸೌಲಭ್ಯ ಇದ್ದಿದ್ದರೆ ಎಷ್ಟು ಕಚೇರಿಗಳು ಶಾಂತವಾಗಿರುತ್ತಿದ್ದವು!

ಅಂತೂ ಡೋಪಮೈನ್ ಹೆಸರಲ್ಲಿ ಸಂತೋಷವನ್ನು ಅಳೆಯುತ್ತೀರಿ.

ಹಾಗೆಂದವರು ಯಾರು? 2010ರಲ್ಲಿ ನಮ್ಮಕ್ಕ, ಇನ್ನೊಂದು ಸ್ನಿಫರ್, ಅಸಿಟೈಲ್‌ಕೋಲೀನ್ ಎಂಬ ಬೇರೆ ರಾಸಾಯನಿಕವನ್ನು ಹಿಡಿದಳು. 2014ರಲ್ಲಿ ಡೋಪಮೈನ್ ಪಾಳಿ ನನ್ನದಾಯಿತು. ಸದ್ದು ಮಾಡಿ ಇಲಿಗೆ ಸಕ್ಕರೆ ನೀರು ಕೊಡುತ್ತಿದ್ದರು. ದಿನ ಕಳೆದಂತೆ ಡೋಪಮೈನ್ ಸಕ್ಕರೆಗೆ ಕಾಯದೆ ಸದ್ದಿನತ್ತ ಮುಂಚಿತವಾಗಿ ಸರಿಯಿತು. ನಾಲಿಗೆಗೆ ಸಿಹಿ ತಾಗುವ ಮೊದಲೇ ನಾನು ಹಳದಿ! ಇದನ್ನು ಸಂತೋಷ ಅನ್ನುತ್ತೀರೋ, ಆಸೆ ಅನ್ನುತ್ತೀರೋ, ಪಾಠ ಅನ್ನುತ್ತೀರೋ, ನಿಮಗೆ ಬಿಟ್ಟದ್ದು. 2021ರಲ್ಲಂತೂ ಬಹುಮಾನವೇ ಇಲ್ಲದೆ ಡೋಪಮೈನ್ ತಾನಾಗಿ ಉಕ್ಕುವುದು ಕಂಡಿತು. ಬಹುಮಾನ ಸಿಗುತ್ತದೆಂದಾಗ ಇಲಿಗಳು ಅದನ್ನು ಬೇಕೆಂದೇ ಉಕ್ಕಿಸಲೂ ಕಲಿತವು.

ಹಾಗಾದರೆ ‘ಡೋಪಮೈನ್ ಡಿಟಾಕ್ಸ್’ ಶಿಬಿರದವರು?

ನಾನು ಕೂತ ಜಾಗದ ಒಂದೇ ರಾಸಾಯನಿಕದ ಲೆಕ್ಕ ನನಗೆ ಗೊತ್ತು. ಅದಕ್ಕೇ ಲೇಸರ್, ಜೀನು, ಇಷ್ಟೊಂದು ವರ್ಷ. ಅವರಿಗೆ ಮುಖ ನೋಡಿದರೆ ಸಾಕು, ನಿಮ್ಮ ಡೋಪಮೈನ್ ಎಷ್ಟೆಂದು ಹೇಳಿಬಿಡುತ್ತಾರೆ. ನನಗೂ ಆ ವಿದ್ಯೆ ಬೇಕಿತ್ತು. ನೋಂದಣಿ ಶುಲ್ಕ ಎಷ್ಟಂತೆ, ವಿಚಾರಿಸಿ ಹೇಳುತ್ತೀರಾ?