ಹೂಳಿನೊಳಗಿನ ಯಜಮಾನರು

ಚನ್ನರಾಯಪಟ್ಟಣದ ಕಡೆಯ ಒಂದು ಕೆರೆ. ನೀರಿಲ್ಲ, ಬೋರ್ಡಿದೆ: ‘ಹೂಳೆತ್ತುವ ಕಾಮಗಾರಿ ಪೂರ್ಣಗೊಂಡಿದೆ’. ಅಂಗಳಕ್ಕೆ ಕೊಳವೆ ಇಳಿಸಿದಾಗ ಜೇಡಿಯೊಳಗಿಂದ ಸೀಸಿಯಂ-137 ಮಾತಿಗೆ ಸಿಕ್ಕರು. ವಯಸ್ಸಾಗಿದೆ, ಬಾಯಿ ಮಾತ್ರ ಜೋರು.

ನಾನು: ಯಜಮಾನ್ರೇ, ತಮ್ಮದು ಯಾವೂರು?

ಸೀಸಿಯಂ: ಒಂದೂರು ಅಂತಿಲ್ಲ ಕಣಪ್ಪ. ಅಣುಬಾಂಬು ಸಿಡಿದ ಕಡೆಯೆಲ್ಲ ತವರೇ. 1954ರ ಮಾರ್ಚ್ 1ರಂದು ಶಾಂತ ಮಹಾಸಾಗರದ ಬಿಕಿನಿಯಲ್ಲಿ ಅಮೆರಿಕದವರು ಒಂದು ಸಿಡಿಸಿದರು. ಹಾಕಿದ್ದ ಲೆಕ್ಕ 6 ಮೆಗಾಟನ್, ಆದದ್ದು 15. ಮೀನು ಹಿಡಿಯೋಕೆ ಹೋಗಿದ್ದ 23 ಜನ ಜಪಾನಿಯರ ಮೇಲೆ ಬೂದಿ ಸುರೀತು. ಎಸ್ಟಿಮೇಟು ಎರಡೂವರೆ ಪಟ್ಟು ಆಗೋದು ನಿಮ್ಮ ಕಡೆ ಮಾತ್ರ ಅಂದ್ಕೊಂಡಿದ್ಯಾ?

ನಾನು: ಇಲ್ಲಿಗೆ ಹೇಗೆ ಬಂದ್ರಿ?

ಸೀಸಿಯಂ: ಮೋಡಕ್ಕಿಂತ ಮೇಲೆ ತೇಲಾಡಿಕೊಂಡಿದ್ದು ಮಳೆ ಜೊತೆ ಇಳಿದೆ. ಮಳೆ ಜಾಸ್ತಿ ಇದ್ದಲ್ಲಿ ನಮ್ಮೋರು ಜಾಸ್ತಿ. ಸಕಲೇಶಪುರದಲ್ಲಿ ದೊಡ್ಡ ಬಳಗ, ಅರಕಲಗೂಡಲ್ಲಿ ಒಂದಷ್ಟು. ಈ ಕಡೆ ಬರೋ ಹೊತ್ತಿಗೆ ಮಳೆಯೇ ಕೈಕೊಡ್ತು.

ನಾನು: ಸಮುದ್ರಕ್ಕೆ ಬಿದ್ದವರು?

ಸೀಸಿಯಂ: ಉಪ್ಪಿನ ಹಾಗೆ ಕರಗಿ ನೀರು ಹರಿದ ಕಡೆ ಹೋದರು. ಅಷ್ಟು ದೊಡ್ಡ ಸಮುದ್ರ, ಎಲ್ಲಾ ತಿಳಿಯಾಗುತ್ತೆ ಅಂತ ಅಮೆರಿಕದಲ್ಲಿ ಕೆಲವರು ನೆಮ್ಮದಿಯಾಗಿದ್ದರು. ಜಪಾನಿನ ಕತ್ಸುಕೊ ಸರುಹಾಶಿ ಅನ್ನೋ ಹೆಣ್ಣುಮಗಳು ಅಳೆದು, ನಮ್ಮ ಕಡೆ ನೀರಲ್ಲಿ ನಿಮಗಿಂತ ಹೆಚ್ಚಿದೆ ಅಂದಳು. ನಂಬಲಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅವರ ಪ್ರಯೋಗಶಾಲೆಯಲ್ಲೇ ಕೂತು ಲೆಕ್ಕ ಒಪ್ಪಿಸಿದಳು. ಬಯಲಲ್ಲಿ, ನೀರಲ್ಲಿ ಇನ್ನು ಸಿಡಿಸಲ್ಲ ಅಂತ ಮೂರು ದೇಶ ರುಜು ಹಾಕಿದ್ದು 1963ರಲ್ಲಿ. ಪರೀಕ್ಷೆ ನಿಲ್ಲಿಸಿ ಅಂತ ನೆಹರೂ ಲೋಕಸಭೇಲಿ ಹೇಳಿ ಆಗಲೇ ಒಂಬತ್ತು ವರ್ಷ. ಫೈಲು ಎಲ್ಲಾ ಕಡೆ ನಿಧಾನವೇ.

ನಾನು: ನೀವು ಮಾತ್ರ ಇಲ್ಲೇ ಉಳಿದ್ರಿ.

ಸೀಸಿಯಂ: ಜೇಡಿಗೆ ಅಂಟಿದರೆ ನಾನು ಬಿಡೋ ಪೈಕಿ ಅಲ್ಲ. ಮಣ್ಣು ಕೊಚ್ಚಿದರೆ ಅದರ ಜೊತೆಗೇ ಹೊಳೆನರಸೀಪುರದ ಹೊಳೆಗೋ, ಕೆರೆಗೋ. ನಾವು ಅತಿ ಹೆಚ್ಚು ಇಳಿದದ್ದು 1963ರ ಸುಮಾರಿಗೆ. ಹೂಳಿನಲ್ಲಿ ನಾವು ದಟ್ಟವಾಗಿರೋ ಪದರ ಸಿಕ್ಕರೆ, ಇದೇ 1963 ಅಂತ ವಿಜ್ಞಾನಿಗಳು ಗೆರೆ ಎಳೀತಾರೆ. ಆ ಪದರಾನ ಗೊರೂರು ಅಣೆಕಟ್ಟೇಲಿ ಹುಡುಕಬೇಡ. ಅದು ಮುಗಿದದ್ದು 1979ರಲ್ಲಿ, ನನ್ನ ಮುಂದೆ ಹುಡುಗ.

ನಾನು: ಆಧಾರ್ ಇದೆಯೇ?

ಸೀಸಿಯಂ: 662. ನಾನು ಬೇರಿಯಂ ಆಗುವಾಗ ಹೊಮ್ಮೋ ಗಾಮಾ ಕಿರಣದ ನಂಬರು, ಕಿಲೋ ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ. ಲಿಂಕ್ ಮಾಡಿಸಬೇಕಿಲ್ಲ.

ನಾನು: ಹಾಸನದ ಆಲೂಗಡ್ಡೆ ತಿನ್ನಬಹುದಾ?

ಸೀಸಿಯಂ: ತಿನ್ನಪ್ಪ. 30 ವರ್ಷಕ್ಕೊಮ್ಮೆ ಅರ್ಧ ಸವೀತೀನಿ; ಆಗಿನದರಲ್ಲಿ ಈಗ ಕಾಲು ಪಾಲು ಉಳಿದಿದ್ರೆ ಹೆಚ್ಚು. ಇದೇ ಮಣ್ಣಲ್ಲಿ ಮೊದಲಿಂದ ಇರೋ ಪೊಟ್ಯಾಸಿಯಂ-40 ನನಗಿಂತ ಎಷ್ಟೋ ಜೋರು.

ನಾನು: ಈ ಕೆರೆ ಹೂಳನ್ನ ಗಟ್ಟಿನೆಲದವರೆಗೂ ಎತ್ತಿದ್ದಾರಂತೆ?

ಸೀಸಿಯಂ: (ನಕ್ಕು) ಬೋರ್ಡು ನೆಡೋ ಸದ್ದು ಕೇಳಿಸ್ತು. ಗಟ್ಟಿನೆಲ ಮುಟ್ಟಿದ್ರೆ ನಾನು ಮಲಗಿರೋದು ಎಲ್ಲಿ ಸ್ವಾಮಿ? ಮೈಮೇಲೆ ಅರವತ್ತು ವರ್ಷದ ಹೂಳು ಹೊದ್ದ ಹಾಗೇ ಇದೆ. ಜೆಸಿಬಿ ಎರಡು ಸಾರಿ ಬಂತು. ಫೋಟೋ ಹಿಡಿದ್ರು, ಹೋದ್ರು.

ನಾನು: ಬರೀಲಾ ಇದನ್ನ?

ಸೀಸಿಯಂ: ಬರಿ. ನನ್ನ ಹೆಸರೂ ಹಾಕು. ಕೆರೆ ಹೆಸರು ಮಾತ್ರ ಬೇಡ. ಗಾಬರಿಗೆ ಈ ಸಾರಿ ನಿಜವಾಗ್ಲೂ ಎತ್ತಿಬಿಟ್ಟಾರು.